ಕಿರುಬೆರಳಿಗೆ ಸಿಕ್ಕ ಕೆಲಸ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ನೋಟು ಎಣಿಸಿದವನು ನಾನು. ಅಷ್ಟೂ ವರ್ಷ ದುಡಿದದ್ದು ಹೆಬ್ಬೆರಳು, ತೋರುಬೆರಳು. ಎಡಗೈ ಕಿರುಬೆರಳು ಮಾತ್ರ ಮೊದಲ ದಿನದಿಂದಲೇ ಪಿಂಚಣಿದಾರ! ಎಪ್ಪತ್ತಮೂರರಲ್ಲಿ ಅದನ್ನು ಕೆಲಸಕ್ಕೆ ಹಚ್ಚಿದ್ದು ಗಿಟಾರಿನ ‘ಎ ಮೈನರ್ ಸಿಕ್ಸ್ತ್’ ಕಾರ್ಡ್. ಎಟಿಎಂ ಕಾರ್ಡ್ ಅಲ್ಲ ಮಕ್ಕಳೇ, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್.

1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ಬ್ಯಾಂಡು, ಚರ್ಚುಗಳ ಜೊತೆ ಪಾಶ್ಚಾತ್ಯ ಸಂಗೀತವೂ ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಬೇರುಬಿಟ್ಟಿತು. ಪ್ರತಿ ಶನಿವಾರ ಗಿಟಾರ್ ಹೊತ್ತು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿಯುತ್ತೇನೆ. ನನ್ನ ಮೇಷ್ಟ್ರಿಗೆ ಇಪ್ಪತ್ತಾರು ವರ್ಷ.

ಬ್ಯಾಂಕಿನಲ್ಲಿ ಮೈನರ್ ಎಂದರೆ ಹದಿನೆಂಟು ತುಂಬದ ಖಾತೆದಾರ. ಇಲ್ಲಿ ಆ ಹೆಸರು ಗಾಂಧಾರಕ್ಕೆ ಸೇರಿದ್ದು, ಆರನೆಯ ಸ್ವರಕ್ಕಲ್ಲ. ಗಿಟಾರಿನ ಮನೆಗಳಲ್ಲಿ ಎಣಿಸಿ: ಎ ಸ್ವರದಿಂದ 3 ಮನೆ ಮೇಲೆ ಸಿ, 7 ಮನೆ ಮೇಲೆ ಇ, 9 ಮನೆ ಮೇಲೆ ಎಫ್ ಶಾರ್ಪ್. ಆರನೆಯದೂ ಮೈನರ್ ಆಗಿದ್ದರೆ 8ಕ್ಕೇ ನಿಲ್ಲಬೇಕಿತ್ತು. ಆಗ ಅದು ಪಕ್ಕದ ಇ ಸ್ವರದೊಂದಿಗೆ ಜಗಳಕ್ಕೇ ಕೂತುಬಿಡುತ್ತದೆ.

ಹಿಡಿಯುವ ಕ್ರಮ ಹೀಗೆ. ಎರಡನೇ ತಂತಿಯ ಮೊದಲ ಮನೆಗೆ ತೋರುಬೆರಳು. ನಾಲ್ಕನೇ ತಂತಿಯ ಎರಡನೇ ಮನೆಗೆ ಮಧ್ಯದ ಬೆರಳು, ಮೂರನೇ ತಂತಿಯ ಎರಡನೇ ಮನೆಗೆ ಉಂಗುರಬೆರಳು. ಇಲ್ಲಿಗೆ ಎ ಮೈನರ್ ಆಯಿತು. ಇನ್ನು ತೆಳುವಾದ ಮೊದಲ ತಂತಿಯ ಎರಡನೇ ಮನೆಗೆ ಕಿರುಬೆರಳು ಬರಬೇಕು. ದಪ್ಪ ಆರನೇ ತಂತಿ ಮೀಟುವಂತಿಲ್ಲ. ನನ್ನ ಕಿರುಬೆರಳು ಬಂತು, ಆದರೆ ಮಲಗಿಕೊಂಡೇ ಬಂತು! ಪಕ್ಕದ ತಂತಿಗೆ ತಾಗಿ ಸಿ ಸ್ವರದ ಕತ್ತು ಹಿಸುಕಿತು. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಹಿಂದೆ ಕೆಳಗಿಳಿಸಿ, ಮಣಿಕಟ್ಟನ್ನು ಸ್ವಲ್ಪ ಮುಂದೆ ತಂದರೆ ಬೆರಳು ನಿಲ್ಲುತ್ತದೆ ಎಂದರು ಮೇಷ್ಟ್ರು. ನಿಲ್ಲಲು ಮೂರು ವಾರ ಬೇಕಾಯಿತು.

ಅದು ಸ್ವಚ್ಛವಾಗಿ ನುಡಿದ ಸಂಜೆ ಅಡುಗೆಮನೆಯಿಂದ ದನಿ ಬಂತು: “ಶಿವರಂಜಿನಿ ಅಲ್ವೇನ್ರೀ?”

ನನ್ನಾಕೆ ಹಾಡುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ಮೇಲಿನ ಸ್ವರಗಳು ಸಿಗುವುದಿಲ್ಲವೆಂದು ಶ್ರುತಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದ್ದಳು. ಅವಳು ಹೇಳಿದ್ದು ಸರಿಯಾಗಿತ್ತು. ಶಿವರಂಜಿನಿಯಲ್ಲಿ ಐದೇ ಸ್ವರ. ಷಡ್ಜ, ಚತುಃಶ್ರುತಿ ರಿಷಭ, ಸಾಧಾರಣ ಗಾಂಧಾರ, ಪಂಚಮ, ಚತುಃಶ್ರುತಿ ಧೈವತ. ರಿಷಭ ಬಿಟ್ಟರೆ ಉಳಿದ ನಾಲ್ಕೇ ನನ್ನ ಕಾರ್ಡ್.

“ಶ್ರುತಿ ಹೆಚ್ಚಾಯ್ತು, ಇಳಿಸಿ” ಎಂದಳು. ಆರೂ ತಂತಿಗಳನ್ನು ಎರಡೆರಡು ಮನೆಯಷ್ಟು ಸಡಿಲಿಸಿದೆ. ಬೆರಳಿನ ಜಾಗ ಬದಲಾಗುವುದಿಲ್ಲ, ಅದೊಂದು ಅನುಕೂಲ. ನಾನು ನಿಧಾನವಾಗಿ ಮೀಟುತ್ತಾ ಹೋದೆ. ಅವಳು ಪಂಚಮ ದಾಟಿ ಧೈವತದವರೆಗೆ ಬಂದು ನಿಂತಳು. ಲೆಕ್ಕ ಮಾಡುತ್ತಿದ್ದ ಮೊಮ್ಮಗಳು ತಲೆ ಎತ್ತದೆಯೇ ಮೇಲಿನ ಷಡ್ಜ ಹಿಡಿದಳು.

ಈಗ ಶನಿವಾರ ಬಂದರೆ ಮೇಷ್ಟ್ರು ತಂತಿಗಳನ್ನೆಲ್ಲ ಬಿಗಿ ಮಾಡಿ ಕಳಿಸುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನಾನು ಮತ್ತೆ ಸಡಿಲಿಸುತ್ತೇನೆ.