ಎರಡು ಅಡಿ ಪಾನಾ ಎಲ್ಲಿ ಬೇಕು, ಎಲ್ಲಿ ಬೇಡ

ಊರಿನ ಬೋರಿಂಗು ಕೆಟ್ಟು ದುರಸ್ತಿಯವರು ಬಂದರೆ ಅವರ ಚೀಲದಿಂದ ಮೊದಲು ಹೊರಬರುವುದು ಎರಡು ಅಡಿ ಉದ್ದದ ಪೈಪ್ ಪಾನಾ. ಒಂದಲ್ಲ, ಜೋಡಿ. ಇಂಡಿಯಾ ಮಾರ್ಕ್ 2 ಕೈಪಂಪಿನ ಕೊಳವೆಗಳು ಒಂದೂಕಾಲು ಇಂಚಿನ ಜಿಐ ಪೈಪುಗಳು, ಒಂದೊಂದೂ 3 ಮೀಟರ್ ಉದ್ದ. ಅಂಥ ಹತ್ತು ಕೊಳವೆ ಇಳಿಸಿದ್ದರೆ ಪೈಪಿನ ತೂಕವೇ ಸುಮಾರು 95 ಕೆ.ಜಿ. ಒಳಗಿನ ಸರಳು, ನಿಂತ ನೀರು ಎಲ್ಲ ಸೇರಿದರೆ ಒಂದೂವರೆ ಕ್ವಿಂಟಲ್. ವರ್ಷಗಟ್ಟಲೆ ನೀರಲ್ಲಿ ನೆನೆದು ತುಕ್ಕಿನಿಂದ ಕಚ್ಚಿಕೊಂಡ ಜೋಡುಗಳನ್ನು ಒಂದೊಂದಾಗಿ ಬಿಚ್ಚಬೇಕು. ಒಬ್ಬರು ಒಂದು ಪಾನಾದಿಂದ ಸಾಕೆಟ್ ಹಿಡಿದು ನಿಂತರೆ ಇನ್ನೊಬ್ಬರು ಇನ್ನೊಂದರಿಂದ ಕೊಳವೆಯನ್ನು ತಿರುಗಿಸುತ್ತಾರೆ. ಸೋಲಾಪುರದಲ್ಲಿ ರೂಪುಗೊಂಡ ಪಂಪನ್ನು ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಸಿದ್ಧವಾದ ಈ ಕೈಪಂಪು ದೇಶದ ಗಟ್ಟಿ ಬಂಡೆಯ ಸೀಮೆಗಳಿಗೆಲ್ಲ ಕುಡಿಯುವ ನೀರು ಕೊಟ್ಟಿತು. ಆ ಕೆಲಸಕ್ಕೆ ಎರಡು ಅಡಿ ಪಾನಾ ಬೇಕೇ ಬೇಕು.

ಅದನ್ನು ನೋಡಿದ ಕಣ್ಣಿಗೆ ದೊಡ್ಡ ಪಾನಾ ಅಂದರೆ ಒಳ್ಳೆಯ ಪಾನಾ ಅನ್ನಿಸುವುದು ಸಹಜ. ಆದರೆ ಮನೆಯ ಪೈಪಿನ ಮಾತು ಬೇರೆ. ಹಿರೇಕೆರೂರಿನಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಮೇಲೆ ರಟ್ಟೀಹಳ್ಳಿ ಬೆಳೆಯುತ್ತಿರುವ ಪಟ್ಟಣ. ಇಂಥ ಊರಿನ ಮನೆಗಳಲ್ಲಿ ಹಳೆಯ ಜಿಐ ಪೈಪಿಗೆ ಹೊಸ ಸಿಪಿವಿಸಿ ಪೈಪು ಜೋಡಿಸಿರುತ್ತಾರೆ. ಮೋಟಾರಿನ ಬಳಿ ಕಬ್ಬಿಣ, ಬಚ್ಚಲಿನ ಗೋಡೆಯೊಳಗೆ ಪ್ಲಾಸ್ಟಿಕ್. ಸುತ್ತಲಿನ ಹಳ್ಳಿಗಳಿಗೂ 2019ರಲ್ಲಿ ಶುರುವಾದ ಜಲಜೀವನ್ ಮಿಷನ್, ಅಂದರೆ ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ', ಅಂಗಳಕ್ಕೇ ನಳ ತರುವ ಯೋಜನೆಯಾಗಿ ಬಂದಿದೆ. ನಳ ಬಂದಲ್ಲಿ ಸೋರಿಕೆಯೂ ಬರುತ್ತದೆ. ಹಾಗಾಗಿ ಮನೆಗೊಂದು ಪಾನಾ ಇಟ್ಟುಕೊಳ್ಳುವುದು ಜಾಣತನವೇ. ಆದರೆ ಅದು ಎಷ್ಟು ಉದ್ದದ್ದು ಇರಬೇಕು ಎಂಬುದನ್ನು ಕೈಯ ಬಲಕ್ಕಿಂತ ಪೈಪಿನ ತಾಳಿಕೆಯೇ ಹೇಳಬೇಕು.

ಪೈಪ್ ಪಾನಾದ ಹುಟ್ಟಿನ ಕಥೆಯಲ್ಲೇ ಈ ಮಾತು ಅಡಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಉಗಿಯಿಂದ ಕಟ್ಟಡ ಬೆಚ್ಚಗಿಡುವ ಉಪಕರಣಗಳ ವಾಲ್‌ವರ್ತ್ ಕಂಪನಿಯಲ್ಲಿ ಡೇನಿಯಲ್ ಸ್ಟಿಲ್ಸನ್ ಎಂಬ ಮೆಕ್ಯಾನಿಕ್ ಇದ್ದ. ದುಂಡಗಿನ ಪೈಪನ್ನು ಜಾರದಂತೆ ಕಚ್ಚಿ ಹಿಡಿಯುವ ಪಾನಾದ ಮಾದರಿಯನ್ನು ಮೊದಲು ಮರದಲ್ಲಿ ಕೆತ್ತಿದ. 1869ರಲ್ಲಿ ಪೇಟೆಂಟ್ ಪಡೆದ. ಉಕ್ಕಿನ ಪಾನಾ ತಯಾರಾದಾಗ ಪೈಪು ಮುರಿಯುವುದೋ ಪಾನಾ ಮುರಿಯುವುದೋ ನೋಡೋಣ ಎಂದು ಪರೀಕ್ಷೆಗಿಟ್ಟರಂತೆ. ತಿರುಚಿ ಮುರಿದದ್ದು ಪೈಪು. ಇಂದಿಗೂ ಆ ಪಂದ್ಯದ ಫಲಿತಾಂಶ ಬದಲಾಗಿಲ್ಲ.

ಕಾರಣ ಅದರ ದವಡೆಯಲ್ಲಿದೆ. ಮೇಲಿನ ಕೊಕ್ಕೆ ದವಡೆ ಬಿಗಿಯಾಗಿ ಕೂತಿರುವುದಿಲ್ಲ, ಒಂದಿಷ್ಟು ಅಲುಗಾಡುತ್ತದೆ. ಅದು ಸವಕಲಿನಿಂದ ಬಂದ ದೋಷವಲ್ಲ, ಹಾಗೆಯೇ ಮಾಡಿದ್ದು. ಹಿಡಿಕೆ ಎಳೆದಾಗ ಆ ದವಡೆ ವಾಲಿ ಪೈಪನ್ನು ಕೆಳದವಡೆಗೆ ಒತ್ತುತ್ತದೆ. ಎರಡರ ಹಲ್ಲುಗಳೂ ಎದುರು ಬದುರು ದಿಕ್ಕಿಗೆ ಬಾಗಿರುವುದರಿಂದ ಎಳೆದಷ್ಟೂ ಹಿಡಿತ ಬಿಗಿಯುತ್ತದೆ. ಹಿಮ್ಮುಖ ತಿರುಗಿಸಿದರೆ ಹಿಡಿತವೇ ಇಲ್ಲ. ಅದಕ್ಕೇ ಪಾನಾ ಹಾಕುವಾಗ ದವಡೆಯ ಬಾಯಿ ತಿರುಗಬೇಕಾದ ದಿಕ್ಕಿಗೆ ಮುಖಮಾಡಿರಬೇಕು. ಕೊಕ್ಕೆಯ ಒಳಬೆನ್ನಿಗೂ ಪೈಪಿಗೂ ನಡುವೆ ಬೆರಳಿನಷ್ಟು ಸಂದು ಬಿಡಬೇಕು. ಪೈಪನ್ನು ಆಳಕ್ಕೆ ತುರುಕಿದರೆ ದವಡೆಗೆ ವಾಲಲು ಜಾಗವಿಲ್ಲದೆ ಹಲ್ಲು ಜಾರಿ ಗೋಡೆಗೆ ಕೈ ಬಡಿಯುತ್ತದೆ.

ಈಗ ಉದ್ದದ ಲೆಕ್ಕ. ಬೀಸುಕಲ್ಲಿನ ಗೂಟ ಅಂಚಿನಲ್ಲಿದ್ದರೆ ಬೀಸುವುದು ಹಗುರ, ನಡುವಿಗೆ ಹತ್ತಿರವಿದ್ದರೆ ಭಾರ. ಪಾನಾದ ಹಿಡಿಕೆಯೂ ಅದೇ ನಿಯಮದ್ದು. ಒಬ್ಬರು ಸುಮಾರು 25 ಕೆ.ಜಿ. ಭಾರದಷ್ಟು ಎಳೆಯುತ್ತಾರೆ ಎನ್ನೋಣ. 10 ಇಂಚಿನ ಪಾನಾದಲ್ಲಿ ಜೋಡಿನ ಮೇಲೆ ಬೀಳುವ ತಿರುಚು ಬಲ ಹೆಚ್ಚುಕಡಿಮೆ 50 ನ್ಯೂಟನ್-ಮೀಟರ್. 14 ಇಂಚಿನದರಲ್ಲಿ ಅದು 75ರ ಹತ್ತಿರ. ಎರಡು ಅಡಿಯದರಲ್ಲಿ 135. ಎಳೆಯುವ ಕೈಗೆ ಮೂರೂ ಒಂದೇ ದಣಿವು.

ಪೈಪಿನ ಕಡೆಯ ಲೆಕ್ಕ ಇನ್ನೂ ಮುಖ್ಯ. ನೀಲಿ ಪಟ್ಟಿಯ ಮಧ್ಯಮ ದರ್ಜೆಯ ಅರ್ಧ ಇಂಚಿನ ಜಿಐ ಪೈಪಿನ ಹೊರವ್ಯಾಸ ಸುಮಾರು 21 ಮಿ.ಮೀ., ಗೋಡೆಯ ದಪ್ಪ 2.6 ಮಿ.ಮೀ. ಅದರ ತುದಿಗೆ ಥ್ರೆಡ್ ಕೊರೆದಾಗ ಪ್ರತಿ ಹಳ್ಳದಲ್ಲೂ 1.16 ಮಿ.ಮೀ. ಲೋಹ ಹೋಗುತ್ತದೆ. ಉಳಿಯುವುದು ಒಂದೂವರೆ ಮಿ.ಮೀ.ಗೂ ಕಡಿಮೆ. ಇಷ್ಟು ತೆಳುವಾದ ಮೆತು ಉಕ್ಕಿನ ಬಳೆ ಶಾಶ್ವತವಾಗಿ ತಿರುಚಿಕೊಳ್ಳಲು ಲೆಕ್ಕದ ಪ್ರಕಾರ 80 ನ್ಯೂಟನ್-ಮೀಟರಿನ ಆಸುಪಾಸು ಸಾಕು, ಅದೂ ಪೈಪು ಹೊಸದಿದ್ದಾಗ. ಒಂದು ಇಂಚಿನ ಪೈಪು ಇದರ ಮೂರು ಪಟ್ಟಿನಷ್ಟು ತಾಳುತ್ತದೆ. ಅಂದರೆ 14 ಇಂಚಿನ ಪಾನಾ ಅರ್ಧ ಇಂಚಿನ ಪೈಪಿಗೆ ಅಂಚಿನಲ್ಲಿದೆ. ಎರಡು ಅಡಿಯದಂತೂ ಆ ಪೈಪಿಗೆ ಶತ್ರು. ಗೋಡೆಯೊಳಗಿನ ಎಲ್ಬೋದಲ್ಲಿ ಥ್ರೆಡ್ ತುಂಡಾಗಿ ಉಳಿದುಕೊಂಡರೆ ಒಂದು ನಳ ಬದಲಿಸುವ ಕೆಲಸ ಟೈಲ್ಸ್ ಒಡೆಯುವ ಕೆಲಸವಾಗುತ್ತದೆ. ಮನೆಯವರಿಗೆ ಇದಕ್ಕಿಂತ ದುಬಾರಿಯಾದ 'ಒಂದು ಸಲ ಜೋರಾಗಿ ಎಳೆಯೋಣ' ಇನ್ನೊಂದಿಲ್ಲ.

ಹಾಗಾದರೆ ಕಚ್ಚಿಕೊಂಡ ಜೋಡು ಬಿಚ್ಚುವುದು ಹೇಗೆ? ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅದು ಉಬ್ಬಿ ಬೆಣೆಯಾಗಿ ಕೂರುತ್ತದೆ. ಬೋರಿನ ಗಡಸು ನೀರಿದ್ದಲ್ಲಿ ಸುಣ್ಣದ ಪದರವೂ ಸೇರಿಕೊಳ್ಳುತ್ತದೆ. ಆ ಬೆಣೆಯನ್ನು ಸಡಿಲಿಸದೆ ಬಲ ಹೆಚ್ಚಿಸುತ್ತ ಹೋದರೆ ಮೊದಲು ಸೋಲುವುದು ಪೈಪು. ತುಕ್ಕು ಬಿಡಿಸುವ ತೆಳು ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡುವುದು, ಸಾಕೆಟ್ಟಿನ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುವುದು, ಮೊದಲು ಒಂದು ಎಳೆಯಷ್ಟು ಬಿಗಿ ದಿಕ್ಕಿಗೆ ತಿರುಗಿಸಿ ಆಮೇಲೆ ಬಿಚ್ಚುವುದು: ತಾಳ್ಮೆಯ ಈ ಕೆಲಸಗಳು ಉದ್ದದ ಹಿಡಿಕೆಗಿಂತ ಹೆಚ್ಚು ಫಲ ಕೊಡುತ್ತವೆ. ಗ್ಯಾಸ್ ಉರಿ ಹಿಡಿದು ಕಾಯಿಸುವ ಪದ್ಧತಿ ಕಾರ್ಖಾನೆಯಲ್ಲಿ ಸರಿ, ಮನೆಯಲ್ಲಿ ಬೇಡ. ಜಿಐ ಪೈಪಿನ ಸತುವಿನ ಲೇಪ ಬಿಸಿಗೆ ಹೊಗೆಯಾಗುತ್ತದೆ, ಆ ಹೊಗೆ ಉಸಿರಿಗೆ ಕೆಟ್ಟದ್ದು. ಪಕ್ಕದಲ್ಲಿ ಸಿಪಿವಿಸಿ ಇದ್ದರೆ ಅದೂ ಮೆತ್ತಗಾಗುತ್ತದೆ.

ಪಾನಾದ ಹಿಡಿಕೆಗೆ ಇನ್ನೊಂದು ಪೈಪು ತೂರಿಸಿ ಉದ್ದ ಮಾಡುವ ರೂಢಿ ಎಲ್ಲ ಕಡೆ ಇದೆ. ಇದನ್ನು ಬಿಡಲೇಬೇಕು. ಹಿಡಿಕೆಯನ್ನು ಅದರದೇ ಉದ್ದದ ಬಲಕ್ಕೆ ಮಾಡಿರುತ್ತಾರೆ. ಅದು ಮುರಿದರೆ ಎಳೆಯುತ್ತಿದ್ದವರು ಹಿಂದಕ್ಕೆ ಬೀಳುತ್ತಾರೆ, ಏಣಿಯ ಮೇಲಿದ್ದರೆ ಕಥೆ ಮುಗಿಯಿತು.

ಪ್ಲಾಸ್ಟಿಕ್ ಪೈಪಿನ ಲೋಕವೇ ಬೇರೆ. ಹಲ್ಲಿನ ಪಾನಾ ಅದನ್ನು ಮುಟ್ಟಲೇಬಾರದು. ಕಚ್ಚಿದ ಗೀರು ಅಂದೇ ಸೋರುವುದಿಲ್ಲ. ಮುಂದೊಂದು ದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಇಳಿಜಾರು ಥ್ರೆಡ್ಡಿನ ಗಣಿತವೂ ಇಲ್ಲಿ ಕೆಲಸ ಮಾಡುತ್ತದೆ. ಪೈಪಿನ ಥ್ರೆಡ್ ತುದಿಯತ್ತ ಕಿರಿದಾಗುತ್ತ ಹೋಗುತ್ತದೆ, ಇದರ ಇಳಿಜಾರು 16ಕ್ಕೆ 1. ಅರ್ಧ ಇಂಚಿನ ಜೋಡನ್ನು ಒಂದು ಸುತ್ತು ಹೆಚ್ಚು ಬಿಗಿದರೆ ಒಳಗೆ ಹೋಗುವ ಭಾಗದ ವ್ಯಾಸ ಸುಮಾರು 0.11 ಮಿ.ಮೀ. ಹಿಗ್ಗುತ್ತದೆ. ಉಕ್ಕಿನ ಸಾಕೆಟ್ ಅದನ್ನು ತಡೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಸಾಕೆಟ್ ಸೀಳುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಕೈಯಲ್ಲೇ ಬಿಗಿದು, ಆಮೇಲೆ ಪಟ್ಟಿಯ ಪಾನಾದಿಂದ ತುಸು ಸೇರಿಸಿದರೆ ಆಯಿತು. ಹೊಳಪಿನ ನಳಗಳಿಗೂ ಯೂನಿಯನ್ ನಟ್ಟುಗಳಿಗೂ ನುಣುಪು ದವಡೆಯ ಅಡ್ಜಸ್ಟಬಲ್ ಸ್ಪ್ಯಾನರ್ ಬೇಕು. ಅದರ ಸ್ಥಿರ ದವಡೆಯ ಮೇಲೆ ಭಾರ ಬೀಳುವಂತೆ ತಿರುಗಿಸಬೇಕು, ಇಲ್ಲದಿದ್ದರೆ ನಟ್ಟಿನ ಮೂಲೆ ದುಂಡಗಾಗುತ್ತದೆ. ಈ ಸ್ಪ್ಯಾನರನ್ನು ಇಂದಿನ ರೂಪಕ್ಕೆ ತಂದು 1890ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದವನು ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್.

ಅರ್ಧ, ಮುಕ್ಕಾಲು ಮತ್ತು ಒಂದು ಇಂಚಿನ ಪೈಪುಗಳಿರುವ ಮನೆಗೆ 10 ಇಂಚಿನ ಒಂದು, 14 ಇಂಚಿನ ಒಂದು ಪೈಪ್ ಪಾನಾ ಸಾಕು. ದುಡ್ಡು ಉಳಿದರೆ ಉದ್ದದ್ದನ್ನು ಕೊಳ್ಳುವ ಬದಲು 14 ಇಂಚಿನದನ್ನೇ ಇನ್ನೊಂದು ಕೊಳ್ಳುವುದು ಒಳ್ಳೆಯದು. ಬೋರಿಂಗಿನವರಂತೆ ಒಂದರಿಂದ ಹಿಡಿದು ಇನ್ನೊಂದರಿಂದ ತಿರುಗಿಸಿದಾಗ ತಿರುಚು ಬಲ ಆ ಜೋಡಿನಲ್ಲೇ ಮುಗಿಯುತ್ತದೆ, ಗೋಡೆಯೊಳಗಿನ ಎಲ್ಬೋಗೆ ತಲುಪುವುದಿಲ್ಲ. 18 ಇಂಚಿನದು ಒಂದೂವರೆ, ಎರಡು ಇಂಚಿನ ಮೋಟಾರು ಪೈಪಿದ್ದ ತೋಟದ ಮನೆಗೆ. ಎರಡು ಅಡಿಯದು ನಾಲ್ಕು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ವರ್ಷಕ್ಕೊಮ್ಮೆ ಬೇಕಾದರೆ ಬಾಡಿಗೆಗೆ ತರಬಹುದು. ಅಂಗಡಿಯಲ್ಲಿ ಭಾರತೀಯ ಮಾನಕ ಐಎಸ್ 4003ರ ಗುರುತು ಇದೆಯೇ ನೋಡಬೇಕು. ತಿರುಗಣೆ ಬೆರಳಿನಲ್ಲೇ ಸರಾಗವಾಗಿ ತಿರುಗಬೇಕು, ಹಲ್ಲುಗಳು ಚೂಪಾಗಿರಬೇಕು. ಕೊಕ್ಕೆ ದವಡೆಯೂ ಸ್ಪ್ರಿಂಗೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಬೇಕು, ಏಕೆಂದರೆ ಹಿಡಿಕೆಗಿಂತ ಬಹಳ ಮೊದಲೇ ಸವೆಯುವವು ಅವೇ.