ಪತ್ರಿಕೆ ನಿಲ್ಲಿಸಿ ಎಂದ ಪತ್ರಕರ್ತರು

ಮನೆಗೆ ಬರುವ ಪತ್ರಿಕೆಯ ಮೇಲೆ ಓದುಗನಿಗೆ ಸಿಟ್ಟು ಬಂದರೆ ಅವನು ಮಾಡಬಹುದಾದದ್ದು ಬಹಳ ಕಡಿಮೆ. ವಾಚಕರ ವಾಣಿಗೊಂದು ಪತ್ರ ಬರೆಯುತ್ತಾನೆ. ಅದು ಅಚ್ಚಾಗದಿದ್ದರೆ ಇನ್ನಷ್ಟು ಕೆರಳುತ್ತಾನೆ. ಕೊನೆಗೆ ತಿಂಗಳ ಬಿಲ್ಲು ಹಿಡಿದು ಬಂದ ಹುಡುಗನಿಗೆ ‘ನಾಳೆಯಿಂದ ಈ ಪೇಪರ್ ಹಾಕಬೇಡಪ್ಪ’ ಎಂದುಬಿಡುತ್ತಾನೆ. ಇದು ಎಲ್ಲ ಊರಲ್ಲೂ ನಡೆಯುವಂಥದ್ದು. ಆದರೆ ‘ನಮ್ಮ ಪತ್ರಿಕೆ ನಿಲ್ಲಿಸಿ’ ಎಂದು ಆ ಪತ್ರಿಕೆಗೆ ಬರೆಯುವವರೇ ಓದುಗರನ್ನು ಕೇಳಿಕೊಂಡ ಊರೊಂದಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ. 2007ರ ಫೆಬ್ರುವರಿಯಲ್ಲಿ ಅಲ್ಲಿನ ‘ನ್ಯೂಸ್-ಪ್ರೆಸ್’ ದಿನಪತ್ರಿಕೆಯ ವರದಿಗಾರರು 101ನೇ ಹೆದ್ದಾರಿಯ ಮೇಲಿನ ಕಾಲುಸೇತುವೆ ಏರಿ, ಕೆಳಗೆ ಹಾದುಹೋಗುವ ಕಾರುಗಳಿಗೆ ಕಾಣುವಂತೆ ಬ್ಯಾನರ್ ಇಳಿಬಿಟ್ಟರು. ಇಂದೇ ಪತ್ರಿಕೆ ನಿಲ್ಲಿಸಿ ಎಂಬುದು ಅದರ ಒಕ್ಕಣೆ. ಅವರಲ್ಲಿ ಆರು ಮಂದಿಯನ್ನು ಆಡಳಿತ ಕೆಲಸದಿಂದ ತೆಗೆಯಿತು. ಉಂಡ ಮನೆಗೆ ಎರಡು ಬಗೆದವರನ್ನು ಇಟ್ಟುಕೊಳ್ಳಲಾಗದು ಎಂಬುದು ಅದರ ವಾದ.

ಮೇಲ್ನೋಟಕ್ಕೆ ಆ ವಾದ ಸರಿಯೆನಿಸುತ್ತದೆ. ಸಂಬಳ ಕೊಡುವ ಪತ್ರಿಕೆಯನ್ನೇ ಕೊಳ್ಳಬೇಡಿ ಎನ್ನುವ ನೌಕರನನ್ನು ಯಾವ ಧಣಿ ಸಹಿಸುತ್ತಾನೆ? ಆದರೆ ಅವರು ಅಲ್ಲಿಗೆ ಬಂದು ನಿಂತಿದ್ದು ಸಂಬಳದ ಜಗಳ ಹಿಡಿದುಕೊಂಡಲ್ಲ. ಸುದ್ದಿ ಯಾವುದು, ಅದನ್ನು ಹೇಗೆ ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಯಾರು ಎಂಬ ಜಗಳ ಅದು. ಈ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯ ಸ್ಪಷ್ಟ ಉತ್ತರವನ್ನೂ ಕೊಟ್ಟಿತು. ಆ ಉತ್ತರ ಬಂದಮೇಲೆ ಪತ್ರಿಕೆ ಉಳಿದದ್ದು ಹತ್ತು ವರ್ಷ ಚಿಲ್ಲರೆ.

ಲಾಸ್ ಏಂಜಲೀಸ್‌ನಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಬೆಟ್ಟಸಾಲಿಗೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಕೆಂಪು ಹೆಂಚಿನ ಊರು ಸಾಂಟಾ ಬಾರ್ಬರಾ. ಪಕ್ಕದ ಮಾಂಟೆಸಿಟೊದಲ್ಲಿ ಹಾಲಿವುಡ್‌ನವರ, ಆಗರ್ಭ ಶ್ರೀಮಂತರ ಬಂಗಲೆಗಳು. ಊರಿನ ಪತ್ರಿಕೆ ತನ್ನ ಬೇರನ್ನು 1855ಕ್ಕೆ ಒಯ್ದು ಹೇಳಿಕೊಳ್ಳುತ್ತಿತ್ತು. ಹಲವು ದಶಕ ಅದನ್ನು ನಡೆಸಿದವರು ಥಾಮಸ್ ಸ್ಟೋರ್ಕ್. ಅದೇ ಊರಲ್ಲಿ ಹುಟ್ಟಿ ಬೆಳೆದ ಈ ಮನುಷ್ಯ ಎಂಬತ್ತು ದಾಟಿದ ಮೇಲೆ ‘ಜಾನ್ ಬರ್ಚ್ ಸೊಸೈಟಿ’ ಎಂಬ ಕಟ್ಟಾ ಬಲಪಂಥೀಯ ಸಂಘಟನೆಯ ವಿರುದ್ಧ ಸಂಪಾದಕೀಯ ಬರೆದು 1962ರ ಪುಲಿಟ್ಜರ್ ಪ್ರಶಸ್ತಿ ಪಡೆದರು. ಹಾಗಂತ ಅವರು ಪತ್ರಿಕೆಯಿಂದ ದೂರ ನಿಂತ ಋಷಿಯೇನಲ್ಲ. ಊರಿಗೆ ಕುಡಿಯುವ ನೀರಿನ ಅಣೆಕಟ್ಟು ಬೇಕು, ವಿಶ್ವವಿದ್ಯಾಲಯ ಬೇಕು ಎಂದು ಪತ್ರಿಕೆಯನ್ನು ತಮ್ಮ ರಾಜಕೀಯಕ್ಕೆ ಧಾರಾಳವಾಗಿ ಬಳಸಿಕೊಂಡರು. ಕೆಲಕಾಲ ಸೆನೆಟರ್ ಕೂಡ ಆಗಿದ್ದರು. ಧಣಿ ಪತ್ರಿಕೆಯೊಳಗೆ ಕೈಯಾಡಿಸುವುದು ಸಾಂಟಾ ಬಾರ್ಬರಾಕ್ಕೆ 2006ರಲ್ಲಿ ಬಂದ ಹೊಸ ರೋಗವಲ್ಲ ಎಂಬುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ.

ಸ್ಟೋರ್ಕ್ 1964ರಲ್ಲಿ ಪತ್ರಿಕೆ ಮಾರಿದರು. 1969ರ ಜನವರಿಯಲ್ಲಿ ಊರಿನೆದುರಿನ ಕಡಲಲ್ಲಿ ಯೂನಿಯನ್ ಆಯಿಲ್ ಕಂಪನಿಯ ಬಾವಿ ಒಡೆದು ದಂಡೆಗೆಲ್ಲ ಕಚ್ಚಾ ತೈಲ ಬಳಿದುಕೊಂಡಾಗ ಅದನ್ನು ದಿನದಿನವೂ ಬೆನ್ನಟ್ಟಿದ್ದು ಇದೇ ಸುದ್ದಿಮನೆ. ಎಂಬತ್ತರ ದಶಕದಲ್ಲಿ ಪತ್ರಿಕೆ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಕೈ ಸೇರಿತು. 2000ದಲ್ಲಿ ಅವರಿಂದ ಕೊಂಡವರು ವೆಂಡಿ ಮೆಕ್ಕಾ. ಮೊಬೈಲ್ ಫೋನ್ ಉದ್ಯಮದಲ್ಲಿ ಕೋಟ್ಯಧಿಪತಿಯಾದ ಕ್ರೇಗ್ ಮೆಕ್ಕಾ ಅವರಿಂದ ವಿಚ್ಛೇದನ ಪಡೆದು, ಅದರ ಪರಿಹಾರವಾಗಿ ಭಾರೀ ಸಂಪತ್ತು ಪಡೆದ ಮಹಿಳೆ. ಪ್ರಾಣಿದಯೆಯಲ್ಲಿ ಬಲು ನಿಷ್ಠೆ. ಹತ್ತಿರದ ಸಾಂಟಾ ಕ್ರೂಜ್ ದ್ವೀಪದ ಕಾಡುಹಂದಿಗಳನ್ನು ಕೊಲ್ಲಬಾರದೆಂದು ಪತ್ರಿಕೆ ಪಟ್ಟುಹಿಡಿದು ವಾದಿಸಿತು. ಆಗ ಊರಿನವರಿಗೆ ಸಮಾಧಾನವೇ ಇತ್ತು: ದೂರದ ಕಂಪನಿಯ ಕೈಯಿಂದ ಪತ್ರಿಕೆ ಮತ್ತೆ ಊರಿನವರೊಬ್ಬರ ಕೈಗೆ ಬಂತು, ಅದೂ ಲಾಭಕ್ಕೆ ಹಪಹಪಿಸಬೇಕಿಲ್ಲದವರ ಕೈಗೆ!

2006ರ ಬೇಸಿಗೆಯಲ್ಲಿ ಎರಡು ಸಣ್ಣ ಸುದ್ದಿಗಳು ಇದನ್ನೆಲ್ಲ ಕೆಡಿಸಿದವು. ಮಾಂಟೆಸಿಟೊದಲ್ಲಿ ನಟ ರಾಬ್ ಲೋ ದೊಡ್ಡ ಮನೆ ಕಟ್ಟಲು ಅನುಮತಿ ಕೇಳಿದ್ದರು, ನೆರೆಯವರು ಆಕ್ಷೇಪಿಸಿದ್ದರು. ಯೋಜನಾ ಆಯೋಗದ ಸಾರ್ವಜನಿಕ ಸಭೆಯಲ್ಲಿ ಚರ್ಚೆಯಾದ ವಿಷಯ. ವರದಿಯಲ್ಲಿ ಆ ನಿವೇಶನದ ವಿಳಾಸ ಅಚ್ಚಾಯಿತು. ಅದಕ್ಕಾಗಿ ಒಬ್ಬ ವರದಿಗಾರರಿಗೂ ಮೂವರು ಸಂಪಾದಕರಿಗೂ ಎಚ್ಚರಿಕೆಯ ಪತ್ರ ಹೋಯಿತು. ಇನ್ನೊಂದು, ಪತ್ರಿಕೆಯದೇ ಸಂಪಾದಕೀಯ ಪುಟದ ಮುಖ್ಯಸ್ಥರು ಕುಡಿದು ಕಾರು ಓಡಿಸಿದ್ದಕ್ಕೆ ಶಿಕ್ಷೆಯಾದ ಸುದ್ದಿ. ಸುದ್ದಿಮನೆ ಬರೆದು ಸಿದ್ಧಪಡಿಸಿದ ಆ ವರದಿಯನ್ನು ಮೇಲಿನವರು ತಡೆದರು. ಬೇರೆ ಯಾರದಾಗಿದ್ದರೂ ಒಳಪುಟದ ಮೂಲೆಯಲ್ಲಿ ಬಂದು ಹೋಗುತ್ತಿದ್ದ ಸುದ್ದಿ ಅದು. ತಡೆದದ್ದರಿಂದಲೇ ದೇಶಕ್ಕೆಲ್ಲ ಗೊತ್ತಾಯಿತು.

ಜುಲೈ 6ರಂದು ಸಂಪಾದಕ ಜೆರ‍್ರಿ ರಾಬರ್ಟ್ಸ್ ರಾಜೀನಾಮೆ ಕೊಟ್ಟರು. ಜೊತೆಗೆ ಡೆಸ್ಕಿನ ಹಿರಿಯ ಸಂಪಾದಕರೂ ಎದ್ದು ನಡೆದರು. ಊರಿಗೆ ಹೆಚ್ಚು ತಟ್ಟಿದ್ದು ಬಾರ್ನಿ ಬ್ರಾಂಟಿಂಗ್‌ಹ್ಯಾಂ ಅವರ ನಿರ್ಗಮನ. 46 ವರ್ಷ ಅದೇ ಪತ್ರಿಕೆಯಲ್ಲಿದ್ದ ಅಂಕಣಕಾರ. ಸಂಪಾದಕರು ಬರುತ್ತಾರೆ, ಹೋಗುತ್ತಾರೆ, ಓದುಗರಿಗೆ ಅವರ ಹೆಸರೂ ನೆನಪಿರುವುದಿಲ್ಲ. ಬೆಳಗಿನ ಕಾಫಿಯ ಜೊತೆ ಓದುತ್ತಿದ್ದ ಅಂಕಣ ನಿಂತರೆ ಮಾತ್ರ ತಮ್ಮ ಮನೆಯಿಂದಲೇ ಯಾರೋ ಹೊರಟಂತಾಗುತ್ತದೆ. ಬ್ರಾಂಟಿಂಗ್‌ಹ್ಯಾಂ ಊರಿನ ವಾರಪತ್ರಿಕೆ ‘ಇಂಡಿಪೆಂಡೆಂಟ್’ ಸೇರಿದರು. ಓದುಗರೂ ಅವರ ಹಿಂದೆಯೇ ಹೋದರು.

ಮುಂದಿನ ವಾರ ಕಚೇರಿಯೆದುರಿನ ಡೆ ಲಾ ಗೆರ‍್ರಾ ಚೌಕದಲ್ಲಿ ಸಿಬ್ಬಂದಿ ಬಾಯಿಗೆ ಟೇಪ್ ಅಂಟಿಸಿಕೊಂಡು ನಿಂತರು. ಆ ದಿನಗಳಲ್ಲೇ ಒಡತಿಗೆ ಬೇಡಿಕೆ ಪತ್ರ ಕೊಟ್ಟರು. ಅದರಲ್ಲಿ ಮೊದಲು ಬರೆದದ್ದು: ಪತ್ರಿಕಾಧರ್ಮ ಮರಳಿ ತನ್ನಿ, ಅಭಿಪ್ರಾಯ ಮತ್ತು ವ್ಯವಹಾರ ಒಂದು ಕಡೆ, ಸುದ್ದಿ ಇನ್ನೊಂದು ಕಡೆ ಇರಲಿ, ನಡುವೆ ಗೋಡೆ ಇರಲಿ. ಆಮೇಲೆ, ಹೋದ ಸಂಪಾದಕರನ್ನು ಕರೆಯಿರಿ. ಸಂಬಳ, ಕೆಲಸದ ಅವಧಿ, ಸಂಘದ ಮಾನ್ಯತೆ ಇವೆಲ್ಲ ಅದರ ನಂತರ. ಸೆಪ್ಟೆಂಬರಿನಲ್ಲಿ 33–6 ಮತಗಳಿಂದ ಟೀಮ್‌ಸ್ಟರ್ಸ್ ಯೂನಿಯನ್ ಸೇರಿದರು. ಲಾರಿ ಚಾಲಕರ ಸಂಘವೆಂದು ಹೆಸರಾದ ಯೂನಿಯನ್ನಿಗೆ ಸಾಂಟಾ ಬಾರ್ಬರಾದಂಥ ನಾಜೂಕಿನ ಊರಿನ ಪತ್ರಕರ್ತರು ಸೇರಿದ್ದು ಹಲವರ ಹುಬ್ಬೇರಿಸಿತು. ಬೇಡಿಕೆಗಳ ಆ ಅನುಕ್ರಮ ಮುಂದೆ ಅವರಿಗೇ ಮುಳುವಾಗುತ್ತದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಊರು ಪತ್ರಕರ್ತರ ಬೆನ್ನಿಗೆ ನಿಂತಿತು. ಬೇಡಿಕೆ ಈಡೇರದಿದ್ದರೆ ಚಂದಾ ನಿಲ್ಲಿಸುತ್ತೇವೆ ಎಂದು ಓದುಗರು ಸಹಿ ಹಾಕಿಕೊಟ್ಟರು. ಅಂಗಡಿಗಳವರು ಗಾಜಿನ ಮೇಲೆ ‘ಮೆಕ್ಕಾ, ಕಾನೂನು ಪಾಲಿಸಿ’ ಎಂಬ ಚೀಟಿ ಅಂಟಿಸಿದರು. ಅವರಿಗೆ ವಕೀಲರ ನೋಟಿಸು ಹೋಯಿತು. ಪ್ರಕರಣದ ಬಗ್ಗೆ ದೀರ್ಘ ಲೇಖನ ಬರೆದ ಪತ್ರಿಕೋದ್ಯಮ ಪ್ರಾಧ್ಯಾಪಕಿಯೊಬ್ಬರ ಮೇಲೆ ಮಾನನಷ್ಟ ಮೊಕದ್ದಮೆ ಬಿತ್ತು, ‘ಇಂಡಿಪೆಂಡೆಂಟ್’ ಮೇಲೆ ಹಕ್ಕುಸ್ವಾಮ್ಯದ ದಾವೆ. ಬಾಯಿ ಬಿಟ್ಟವರಿಗೆಲ್ಲ ವಕೀಲರ ಪತ್ರ ಕಳಿಸುವ ಪತ್ರಿಕೆಯನ್ನು ಓದುಗ ಎಷ್ಟು ದಿನ ನಂಬಿಯಾನು? 2006ರಲ್ಲಿ ಸುಮಾರು 40 ಸಾವಿರದಷ್ಟಿದ್ದ ಪ್ರಸಾರ ಇಳಿಯುತ್ತ ಹೋಯಿತು. ಸುದ್ದಿಮನೆಯಿಂದ ಡಜನ್‌ಗಟ್ಟಲೆ ಜನ ಹೊರಟರು.

ಇಲ್ಲಿ ಓದುಗನ ಇಕ್ಕಟ್ಟನ್ನೂ ನೋಡಬೇಕು. ಲಾಸ್ ಏಂಜಲೀಸ್ ಟೈಮ್ಸ್ ತರಿಸಿದರೆ ವಾಷಿಂಗ್ಟನ್ ಸಮಾಚಾರ ಸಿಗುತ್ತದೆ. ಪಕ್ಕದ ಬೀದಿಯಲ್ಲಿ ಯಾರು ತೀರಿಕೊಂಡರು, ನಗರಸಭೆಯಲ್ಲಿ ನೀರಿನ ದರ ಎಷ್ಟಾಯಿತು, ಮಗನ ಹೈಸ್ಕೂಲು ತಂಡ ಗೆದ್ದಿತೇ ಎಂಬುದು ಸಿಗುವುದಿಲ್ಲ. ಸಿಟ್ಟಿನಿಂದ ಪತ್ರಿಕೆ ನಿಲ್ಲಿಸಿದವನು ಸಾವಿನ ಸುದ್ದಿಯನ್ನೂ ನಿಲ್ಲಿಸಿಕೊಂಡಂತೆ. ಹೀಗಿದ್ದೂ ಸಾವಿರಾರು ಜನ ನಿಲ್ಲಿಸಿದರು. ಒಡತಿಗೆ ಅದರಿಂದ ಆದ ನೋವು ಮಾತ್ರ ಕಡಿಮೆ. ಚಂದಾ ನಿಲ್ಲಿಸುವ ಬೆದರಿಕೆ ನಾಟುವುದು ಚಂದಾ ಹಣದಲ್ಲಿ ಬದುಕುವ ಧಣಿಗೆ. ಬೇರೆ ಕಡೆಯಿಂದ ಬಂದ ಕೋಟಿಗಳ ಮೇಲೆ ಕೂತವರಿಗೆ ಅಲ್ಲ. ಲಾಭಕ್ಕೆ ಹಪಹಪಿಸದ ಶ್ರೀಮಂತರು ಪತ್ರಿಕೆ ಕೊಂಡರೆ ಒಳ್ಳೆಯದು ಎಂದು ಇಂದಿಗೂ ನಂಬುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಕಾರ್ಮಿಕ ಮೊಕದ್ದಮೆ ಮಾತ್ರ ವರ್ಷಗಟ್ಟಲೆ ಎಳೆಯಿತು. ಅಮೆರಿಕದಲ್ಲಿ 1935ರ ಕಾಯ್ದೆಯಡಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಎಂಬುದಿದೆ. ಸಂಬಳ, ಕೆಲಸದ ಅವಧಿ, ಕೆಲಸದ ಸ್ಥಿತಿಗತಿಗಾಗಿ ನೌಕರರು ಒಟ್ಟಾಗಿ ಹೋರಾಡಿದರೆ ಅವರನ್ನು ಶಿಕ್ಷಿಸುವಂತಿಲ್ಲ. 2007ರ ಡಿಸೆಂಬರಿನಲ್ಲಿ ಮಂಡಳಿಯ ನ್ಯಾಯಾಧೀಶರು ವಜಾ ಅಕ್ರಮವೆಂದು ಹೇಳಿ, ಸೇತುವೆಯ ಆರು ಮಂದಿಯನ್ನೂ ಅವರಿಗಿಂತ ಮೊದಲು ತೆಗೆದ ಇಬ್ಬರನ್ನೂ ಮರಳಿ ಸೇರಿಸಿಕೊಳ್ಳಿ ಎಂದರು. 2011ರಲ್ಲಿ ಮಂಡಳಿ ಅದನ್ನೇ ಎತ್ತಿಹಿಡಿಯಿತು. 2012ರ ಡಿಸೆಂಬರಿನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಎಲ್ಲವನ್ನೂ ಮಗುಚಿ ಹಾಕಿತು. ನೌಕರರ ಹೋರಾಟದ ತಿರುಳು ಸಂಬಳವಲ್ಲ, ಪತ್ರಿಕೆಯ ವಿಷಯದ ಮೇಲಿನ ಹಿಡಿತ. ಪತ್ರಿಕೆಯಲ್ಲಿ ಏನು ಅಚ್ಚಾಗಬೇಕೆಂಬುದು ಸಂವಿಧಾನದ ಮೊದಲ ತಿದ್ದುಪಡಿಯಡಿ ಪ್ರಕಾಶಕರ ಹಕ್ಕು. ಆ ಹಿಡಿತವನ್ನು ಕಿತ್ತುಕೊಳ್ಳಲು ನಡೆದ ಹೋರಾಟಕ್ಕೆ ಕಾರ್ಮಿಕ ಕಾನೂನಿನ ರಕ್ಷಣೆ ಇಲ್ಲ. ತೀರ್ಪಿನ ಸಾರ ಇಷ್ಟು.

ಈ ತರ್ಕ ನನಗೆ ತಪ್ಪೆನಿಸುವುದಿಲ್ಲ. ಪತ್ರಿಕೆಯಲ್ಲಿ ಯಾವ ವರದಿಗಾರ ಇರಬೇಕೆಂದು ಸರ್ಕಾರಿ ಮಂಡಳಿಯೊಂದು ಆದೇಶಿಸಬಹುದಾದರೆ, ಇನ್ನೊಂದು ಕಾಲದಲ್ಲಿ ಇನ್ನೊಂದು ಸರ್ಕಾರ ಅದೇ ಬಾಗಿಲಿನಿಂದ ಸುದ್ದಿಮನೆಗೆ ನುಗ್ಗುತ್ತದೆ. ಆದರೆ ಇದರ ಅರ್ಥವೇನೆಂದರೆ, ಆ ಪತ್ರಕರ್ತರು ಬರೀ ಸಂಬಳ ಹೆಚ್ಚಿಸಿ ಎಂದು ಸೇತುವೆ ಏರಿದ್ದರೆ ಅವರಿಗೆ ಕಾನೂನು ಕೊಡೆ ಹಿಡಿಯುವ ಸಾಧ್ಯತೆ ಹೆಚ್ಚಿತ್ತು. ಓದುಗರ ಪರವಾಗಿ ಮಾತಾಡಿದ್ದಕ್ಕೆ ಕೊಡೆ ಸಿಗಲಿಲ್ಲ. ಓದುಗನಂತೂ ಈ ಮೊಕದ್ದಮೆಯಲ್ಲಿ ಕಕ್ಷಿದಾರನೇ ಅಲ್ಲ. ನಾನು ದುಡ್ಡು ಕೊಡುವ ಪತ್ರಿಕೆಯಲ್ಲಿ ನನಗೂ ಪಾಲಿದೆ ಎಂಬ ಅವನ ಭಾವನೆಗೆ ಯಾವ ಕಾಯ್ದೆಯಲ್ಲೂ ಕಲಮಿಲ್ಲ.

ಮುಂದಿನ ವರ್ಷಗಳಲ್ಲಿ ಪತ್ರಿಕೆ ಮತ್ತು ಊರು ಬೇರೆ ಬೇರೆ ದಾರಿ ಹಿಡಿದವು. 2015ರ ಜನವರಿಯಲ್ಲಿ, ದಾಖಲೆಯಿಲ್ಲದ ವಲಸಿಗರು ಚಾಲನಾ ಪರವಾನಗಿಗೆ ಸಾಲು ನಿಂತದ್ದನ್ನು ಹೇಳುವ ಮುಖಪುಟದ ಶೀರ್ಷಿಕೆ ಅವರನ್ನು ‘ಅಕ್ರಮಿಗಳು’ ಎಂದು ಕರೆಯಿತು. ಲ್ಯಾಟಿನೊ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಊರು ಅದು. ಕಚೇರಿಯ ಗೋಡೆಗೆ ಬಣ್ಣ ಬಿತ್ತು, ಬಾಗಿಲ ಮುಂದೆ ಪ್ರತಿಭಟನೆ ನಡೆಯಿತು. 2016ರಲ್ಲಿ ದೇಶದ ಬೆರಳೆಣಿಕೆಯ ದಿನಪತ್ರಿಕೆಗಳಷ್ಟೇ ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ಸಾರಿದಾಗ ನ್ಯೂಸ್-ಪ್ರೆಸ್ ಅವುಗಳಲ್ಲೊಂದು. ಸ್ಟೋರ್ಕ್ ಕೂರುತ್ತಿದ್ದ ಕಟ್ಟಡದಿಂದಲೇ! ಈ ನಡುವೆ ಮಾಜಿ ಸಂಪಾದಕರೊಬ್ಬರು 2007ರಲ್ಲಿ ಅಂತರಜಾಲದಲ್ಲಿ ಶುರುಮಾಡಿದ ‘ನೂಝ್‌ಹಾಕ್’ ಬೆಳೆದು ನಿಂತಿತ್ತು. 2018ರ ಜನವರಿ 9ರ ಬೆಳಗಿನ ಜಾವ ಮಾಂಟೆಸಿಟೊದ ಬೆಟ್ಟದಿಂದ ಕೆಸರು, ಬಂಡೆ ಉರುಳಿಬಂದು 23 ಜೀವ ಹೋದಾಗ ರಸ್ತೆ ಯಾವುದು ತೆರೆದಿದೆ, ಯಾರು ಕಾಣೆಯಾಗಿದ್ದಾರೆ ಎಂದು ತಿಳಿಯಲು ಮೊಬೈಲ್ ಹಿಡಿದ ಊರಿಗೆ ದಿನಪತ್ರಿಕೆಗಿಂತ ಇಂಥ ಹೊಸ ಸುದ್ದಿಮನೆಗಳೇ ಹತ್ತಿರವಾಗಿದ್ದವು.

ಎಲ್ಲ ಪಾಪವನ್ನೂ ಒಡತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ವರ್ಗೀಕೃತ ಜಾಹೀರಾತು ಅಂತರಜಾಲಕ್ಕೆ ಹಾರಿದ ಮೇಲೆ, ಒಳ್ಳೆಯ ಧಣಿಗಳಿದ್ದ ಪತ್ರಿಕೆಗಳೂ ಅಮೆರಿಕದಲ್ಲಿ ನೂರಾರು ಮುಚ್ಚಿವೆ. ಆದರೆ ಬೇರೆ ಊರುಗಳಲ್ಲಿ ಪತ್ರಿಕೆ ಕಾಯಿಲೆ ಬಿದ್ದಾಗ ಓದುಗರು ಹಣ ಕೂಡಿಸಿದರು, ಚಂದಾ ಮಾಡಿಸಿದರು. ಸಾಂಟಾ ಬಾರ್ಬರಾದಲ್ಲಿ ಅಂಥ ಕೈಗಳು ಬಹಳ ಹಿಂದೆಯೇ ಸರಿದಿದ್ದವು. 2023ರಲ್ಲಿ ಸಿಬ್ಬಂದಿ ಚೌಕದ ಕಟ್ಟಡ ಬಿಟ್ಟು ಗೊಲೀಟಾದ ಮುದ್ರಣಾಲಯಕ್ಕೆ ಹೋದರು, ಬಳಿಕ ಅಚ್ಚು ನಿಂತಿತು. ಜುಲೈ 21ರಂದು ಪತ್ರಿಕೆಯ ಒಡೆತನದ ಆಂಪರ್ಸಾಂಡ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಲಕ್ಕೆ ಸಮಯ ಕೇಳುವ ಬಗೆಯದಲ್ಲ, ಇದ್ದದ್ದನ್ನು ಮಾರಿ ಬಾಗಿಲು ಹಾಕುವ ಏಳನೇ ಅಧ್ಯಾಯದ ಅರ್ಜಿ. ಉಳಿದಿದ್ದ ನೌಕರರಿಗೆ ವಿಷಯ ತಿಳಿದದ್ದು ಇಮೇಲ್‌ನಲ್ಲಿ. ಹೆಸರು, ಜಾಲತಾಣ, ಹಳೆಯ ಬರಹಗಳು ಹರಾಜಿಗೆ ಬಂದಾಗ ಮಾಲ್ಟಾ ದೇಶದ ಕಂಪನಿಯೊಂದು ಕಣ್ಣು ಹಾಕಿತ್ತು. ಊರಿನವರು ಎದ್ದುಕೂತು ಓಡಾಡಿದ್ದರಿಂದ ಅವು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ‘ನ್ಯೂಸ್‌ವೆಲ್’ ಎಂಬ ಲಾಭರಹಿತ ಸಂಸ್ಥೆಗೆ ಸೇರಿದವು.

ಕಾರ್ಮಿಕರ ಲೆಕ್ಕ ಇನ್ನೊಂದಿತ್ತು. ಸಂಘದ ಜೊತೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಲಿಲ್ಲ, ವಾರ್ಷಿಕ ಸಂಬಳ ಏರಿಕೆಯನ್ನು ಹೇಳದೆ ಕೇಳದೆ ನಿಲ್ಲಿಸಿದಿರಿ, ಕಾಯಂ ನೌಕರರ ಜಾಗಕ್ಕೆ ತಾತ್ಕಾಲಿಕದವರನ್ನು ತುಂಬಿದಿರಿ ಎಂಬ ಬೇರೆಯದೇ ಪ್ರಕರಣದಲ್ಲಿ ಮಂಡಳಿ ಗೆದ್ದಿತ್ತು. 2017ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತ್ತು, ಏಕೆಂದರೆ ಇದು ಸಂಬಳದ ವಿಷಯ. ಬಡ್ಡಿ, ಬಾಕಿ ಎಲ್ಲ ಸೇರಿ ಕಂಪನಿ ಕೊಡಬೇಕಾದ ಮೊತ್ತ ಸುಮಾರು 22 ಲಕ್ಷ ಡಾಲರ್ ಎಂದಾಯಿತು. ಸೇತುವೆ ಹತ್ತಿದ ಆರು ಮಂದಿಯ ವಜಾಕ್ಕೆ ಅದರಲ್ಲಿ ಪರಿಹಾರವಿಲ್ಲ, ಅವರ ಮೊಕದ್ದಮೆ 2012ರಲ್ಲೇ ಮುಗಿದಿತ್ತು. ಉಳಿದವರು ದಿವಾಳಿ ನ್ಯಾಯಾಲಯದಲ್ಲಿ ಬಾಕಿ ಬರಬೇಕಾದವರ ಸಾಲಿನಲ್ಲಿ ನಿಂತರು. ಅರ್ಜಿಯಲ್ಲಿ ಕಂಪನಿ ತೋರಿಸಿದ್ದ ಒಟ್ಟು ಆಸ್ತಿ 50 ಸಾವಿರ ಡಾಲರಿಗಿಂತ ಕಡಿಮೆ. ಚೌಕದ ಆ ಕಟ್ಟಡ ಲೆಕ್ಕಕ್ಕೆ ಬರಲಿಲ್ಲ, ಅದು ಅದೇ ಒಡತಿಯ ಇನ್ನೊಂದು ಕಂಪನಿಯ ಹೆಸರಿನಲ್ಲಿತ್ತು.