ಇಸುಬು ಅಂಟುರೋಗವಲ್ಲ

ಚರ್ಮವು ನಮ್ಮ ದೇಹದ ಹೊರಗೋಡೆ. ಗೋಡೆಯ ಗಾರೆ ಬಿರುಕುಬಿಟ್ಟರೆ ಏನಾಗುವುದೋ, ಇಸುಬು ಬಂದ ಚರ್ಮದಲ್ಲಿಯೂ ಅದೇ ಆಗುತ್ತದೆ. ಒಳಗಿನ ತೇವ ಆರಿಹೋಗುತ್ತದೆ. ಧೂಳು, ಸೋಪು, ರೋಗಾಣುಗಳು ಒಳನುಗ್ಗಿ ತುರಿಕೆ ಹುಟ್ಟಿಸುತ್ತವೆ. ತುರಿಸಿದಷ್ಟೂ ಬಿರುಕು ಹೆಚ್ಚುತ್ತದೆ. ವೈದ್ಯರು ಇದನ್ನು ಅಟೋಪಿಕ್ ಡರ್ಮಟೈಟಿಸ್ ಎನ್ನುವರು. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆ ಇದಕ್ಕೊಂದು ಕಾರಣವೆಂದು 2006ರಲ್ಲಿ ತಿಳಿದುಬಂತು. ಉಬ್ಬಸ, ಅಲರ್ಜಿ ನೆಗಡಿ ಇರುವ ಮನೆತನಗಳಲ್ಲಿ ಇದು ಹೆಚ್ಚು.

ಅನೇಕರು ಇದನ್ನು ಕಜ್ಜಿಯೆಂದು ತಿಳಿಯುವರು. ಕಜ್ಜಿ ಅತಿ ಸಣ್ಣ ಹುಳುವಿನಿಂದ ಬರುವಂಥದು. ಬೆರಳ ಸಂದುಗಳಲ್ಲಿ ತೋರಿ, ಮನೆಮಂದಿಗೆಲ್ಲ ಹರಡುತ್ತದೆ. ಇಸುಬು ಹರಡುವುದಿಲ್ಲ. ಅದು ಕೂಸುಗಳಿಗೆ ಕೆನ್ನೆಯಲ್ಲಿ, ಬೆಳೆದ ಮಕ್ಕಳಿಗೆ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ, ದೊಡ್ಡವರಿಗೆ ಹೆಚ್ಚಾಗಿ ಕೈ, ಕತ್ತು, ಕಣ್ಣುರೆಪ್ಪೆಗಳಲ್ಲಿ ಕಾಣುತ್ತದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದೆ, ಕಪ್ಪಾಗಿ ಒರಟಾಗಿ ತೋರಬಹುದು.

ಇದನ್ನು ಬೇರುಸಹಿತ ಕೀಳುವ ಮದ್ದಿಲ್ಲ, ಹತೋಟಿಯಲ್ಲಿಡುವ ದಾರಿಯುಂಟು. ಸುಡುನೀರು ಬೇಡ; ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಬೇಕು. ಧರ್ಮಪುರಿ, ಸೇಲಂ ಕಡೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದರಲ್ಲಿ ಸೋಪು ಹೆಚ್ಚು ಬಳಸಿದರೆ ಚರ್ಮ ಮತ್ತಷ್ಟು ಒಣಗುತ್ತದೆ. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಬಾರಿ ಹಚ್ಚಬೇಕು. ಉಗುರು ಕತ್ತರಿಸಿರಬೇಕು, ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬೇಕು.

'ನಂಜು' ಎಂದು ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲವನ್ನೂ ಬಿಡಿಸಿದರೆ ಬೆಳೆಯುವ ಮಗು ಸೊರಗುತ್ತದೆ. ವೈದ್ಯರು ಹೇಳದೆ ಯಾವ ಆಹಾರವನ್ನೂ ನಿಲ್ಲಿಸಬಾರದು.

ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳ ವಿಷಯದಲ್ಲಿ ಎಚ್ಚರವಿರಲಿ. ಅವುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ವೈದ್ಯರು ಹೇಳಿದ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ತಾವಾಗಿಯೇ ಬಳಸಿದರೆ ಚರ್ಮ ತೆಳುವಾಗುತ್ತದೆ. ಕೀವು, ಜ್ವರ, ನಿದ್ದೆಗೆಡಿಸುವ ತುರಿಕೆ ಕಂಡರೆ ತಡಮಾಡದೆ ತೋರಿಸಬೇಕು. ಸೇಲಂ, ಧರ್ಮಪುರಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ.

ಬಹಳ ಮಕ್ಕಳಿಗೆ ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ. ಕೆಲವರಿಗೆ ದೊಡ್ಡವರಾದ ಮೇಲೂ ಉಳಿಯುತ್ತದೆ. ವಿದ್ಯಾರ್ಥಿ ಮಿತ್ರರೇ, ಇಸುಬಿಗಿಂತ ಹೆಚ್ಚು ನೋಯಿಸುವುದು ಜೊತೆಯವರ ತಿರಸ್ಕಾರ. ಇಂಥ ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳಿರಿ, ಅವನೊಡನೆ ಆಡಿರಿ, ಬುತ್ತಿ ಹಂಚಿಕೊಳ್ಳಿರಿ. ಅದರಿಂದ ನಿಮಗೆ ಯಾವ ಕೇಡೂ ಇಲ್ಲ.